ತಾರಾಪೋರವಾಲಾಗೆ ಬೀಗ ಬಿದ್ದಿದೆ: ಮುಂಬೈಯಲ್ಲಿ ಕಡಲಜೀವಿ ನೋಡಲು ಇಳಿತ ಹಿಡಿದು ಹೋಗುವ ಕ್ರಮ

ಊರಿಂದ ನೆಂಟರು ಬಂದಾಗ ಮಕ್ಕಳು ಮೀನು ನೋಡಬೇಕೆಂದು ಹಟ ಹಿಡಿಯುತ್ತಾರೆ. ಮನೆಮಂದಿಯೆಲ್ಲ ಚರ್ನಿ ರೋಡ್ ಸ್ಟೇಷನ್‌ನಲ್ಲಿ ಇಳಿದು ಮರೀನ್ ಡ್ರೈವ್‌ಗೆ ಹೋದರೆ ತಾರಾಪೋರವಾಲಾ ಅಕ್ವೇರಿಯಂ ಗೇಟು ಮುಚ್ಚಿರುತ್ತದೆ. ಬಂದ ದಾರಿಗೆ ಸುಂಕವಿಲ್ಲ ಎಂದು ಚೌಪಾಟಿಗೆ ಇಳಿದರೆ ಮಟಮಟ ಮಧ್ಯಾಹ್ನ, ದಡದ ತನಕ ನೀರು. ಮುಂದಿನ ವಾರ ಫ್ಲೆಮಿಂಗೊ ನೋಡೋಣವೆಂದು ಐರೋಲಿಗೆ ಹೋದರೆ, ಇವತ್ತಿನ ದೋಣಿ ಬೆಳಿಗ್ಗೆಯೇ ಹೋಯಿತು ಎನ್ನುತ್ತಾರೆ.

ಮುಂಬೈ ಕನ್ನಡಿಗರ ಮನೆಗಳಲ್ಲಿ ಈ ಕಥೆ ಪದೇ ಪದೇ ಕೇಳಿಬರುತ್ತದೆ. ಎಡವುವುದು ಒಂದೇ ಕಡೆ. ರಜೆ ನೋಡಿ ದಿನ ಆರಿಸುತ್ತಾರೆ, ನೀರಿನ ಹೊತ್ತು ಯಾರೂ ನೋಡುವುದಿಲ್ಲ. ಹಾಗಾಗಿ ಈ ಬರಹದಲ್ಲಿ ಇಳಿತದ ಲೆಕ್ಕಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹಂತ 1: ಯಾರನ್ನು ಕರೆದೊಯ್ಯುತ್ತೀರಿ, ಏನು ತೋರಿಸುತ್ತೀರಿ

ತಾರಾಪೋರವಾಲಾ ಮತ್ಸ್ಯಾಲಯ 1951ರದ್ದು. 2015ರಲ್ಲಿ ನವೀಕರಣವಾಗಿ ಅಕ್ರಿಲಿಕ್ ಸುರಂಗದೊಂದಿಗೆ ಮತ್ತೆ ತೆರೆಯಿತು. ಆಗಿನ ವಿಡಿಯೋಗಳು ಇಂದಿಗೂ ಓಡಾಡುತ್ತಿವೆ, ಜನ ಮೋಸಹೋಗುವುದು ಅವುಗಳಿಂದಲೇ. ಕೋವಿಡ್ ಕಾಲದ ನಂತರ ಕಟ್ಟಡ ಶಿಥಿಲವಾಗಿದೆ ಎಂದು ಮುಚ್ಚಿದರು. ಕೆಡವಿ ಹೊಸದು ಕಟ್ಟುವ ಮಾತು ಬಂದಿದೆ. ತೆರೆಯಿತು ಎಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದುವ ತನಕ ಅದನ್ನು ಪಟ್ಟಿಯಿಂದ ತೆಗೆದುಬಿಡಿ. ಮ್ಯಾಪ್ ಆ್ಯಪ್‌ನಲ್ಲಿ ಹೆಸರು ಕಾಣಿಸಿದ ಮಾತ್ರಕ್ಕೆ ಬಾಗಿಲು ತೆರೆದಿದೆ ಎಂದಲ್ಲ.

ಅದರ ಬದಲಿಗೆ ಇರುವ ದಾರಿಗಳು ಮೂರು. ಇಳಿತದ ಹೊತ್ತಿನಲ್ಲಿ ದಡಕ್ಕಿಳಿದು ಜೀವಂತ ಪ್ರಾಣಿಗಳನ್ನು ನೋಡುವುದು ಒಂದು. ಸಾಯನ್–ಬಾಂದ್ರಾ ಲಿಂಕ್ ರೋಡಿನ ಮಹಾರಾಷ್ಟ್ರ ನೇಚರ್ ಪಾರ್ಕ್ ಇನ್ನೊಂದು. ಐರೋಲಿಯ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರ ಮೂರನೆಯದು. ಮೊದಲೆರಡು ಒಂದೇ ದಿನದಲ್ಲಿ ಮುಗಿಯುತ್ತವೆ. ಮೂರನೆಯದಕ್ಕೆ ಬೇರೆ ದಿನ ಇಡಿ.

ಐದು ವರ್ಷದೊಳಗಿನ ಮಕ್ಕಳು, ಮಂಡಿನೋವಿನ ಅಜ್ಜ-ಅಜ್ಜಿ ಜೊತೆಗಿದ್ದರೆ ಬಂಡೆಗಳ ಕಡೆ ಹೋಗಲೇಬೇಡಿ. ಅವರಿಗೆ ಮರಳಿನ ದಡ ಸಾಕು. ಅದೂ ಬೇಡವೆಂದರೆ ಭಾಯಖಳಾದ ರಾಣಿಬಾಗ್ ಮೃಗಾಲಯದಲ್ಲಿ ಪೆಂಗ್ವಿನ್ ತೋರಿಸಿ ಬನ್ನಿ. ಬುಧವಾರ ಮಾತ್ರ ಬೇಡ, ಅಂದು ಅಲ್ಲಿ ರಜೆ.

ಹಂತ 2: ಪಂಚಾಂಗ ತೆಗೆಯಿರಿ

ಮುಂಬೈ ಕಡಲಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ಇವು ಸುಮಾರು 50 ನಿಮಿಷ ಮುಂದೆ ಹೋಗುತ್ತವೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ತುಂಬ ಏರಿ ತುಂಬ ಇಳಿಯುತ್ತದೆ. ಅಷ್ಟಮಿಯ ಸುತ್ತಮುತ್ತ ಏರುವುದೂ ಕಡಿಮೆ, ಇಳಿಯುವುದೂ ಕಡಿಮೆ.

ಕೊಂಕಣ ಕರಾವಳಿಯಲ್ಲಿ ಬಳಕೆಯಲ್ಲಿರುವ ಲೆಕ್ಕ ಸುಲಭ: ತಿಥಿಯ ಸಂಖ್ಯೆಯ ಮುಕ್ಕಾಲು ಭಾಗವೇ ಉಬ್ಬರ ತುಂಬುವ ಗಂಟೆ. ಚೌತಿಯಾದರೆ ನಾಲ್ಕರ ಮುಕ್ಕಾಲು ಮೂರು, ಅಂದರೆ ಸುಮಾರು ಮೂರು ಗಂಟೆಗೆ ಪೂರ್ತಿ ಉಬ್ಬರ. ಅದಕ್ಕೆ ಆರು ಗಂಟೆ ಸೇರಿಸಿ, ಇಲ್ಲವೇ ಕಳೆಯಿರಿ: ಒಂಬತ್ತರ ಸುಮಾರಿಗೆ ಇಳಿತ. ಬಿದಿಗೆಗೆ ಒಂದೂವರೆಗೆ ಉಬ್ಬರ, ಏಳೂವರೆಗೆ ಇಳಿತ. ಒಂದು ಗಂಟೆ ಹಿಂದೆಮುಂದೆ ಆಗಬಹುದು, ಆದ್ದರಿಂದ ಈ ಲೆಕ್ಕವನ್ನು ದಿನ ಆರಿಸುವುದಕ್ಕೆ ಮಾತ್ರ ಬಳಸಿ. ಹೊರಡುವ ಹೊತ್ತನ್ನು ಇದರಿಂದ ನಿಗದಿ ಮಾಡಬೇಡಿ.

ಈ ಲೆಕ್ಕವನ್ನು ಅಷ್ಟಮಿಗೂ ಹಾಕಿ ನೋಡಿ. ಎಂಟರ ಮುಕ್ಕಾಲು ಆರು. ಬೆಳಿಗ್ಗೆ ಆರಕ್ಕೆ ಉಬ್ಬರ, ಮಧ್ಯಾಹ್ನ ಹನ್ನೆರಡಕ್ಕೆ ಇಳಿತ. ತಿಂಡಿ ತಿಂದು ಆರಾಮಾಗಿ ಹೊರಡಬಹುದಲ್ಲ ಎಂದು ಮನಸ್ಸಾಗುತ್ತದೆ. ಹೆಚ್ಚಿನವರು ಕೆಡುವುದು ಇಲ್ಲೇ. ಅಂದು ಇಳಿತ ಅನ್ನುವುದು ಹೆಸರಿಗಷ್ಟೇ, ಬಂಡೆಗಳ ಮೇಲಿನ ನೀರು ಸರಿಯುವುದೇ ಇಲ್ಲ. ಮುಂಬೈಯಲ್ಲಿ ಒಳ್ಳೆಯ ಇಳಿತ ಬೀಳುವುದು ಬೆಳಗಿನ ಆರು–ಎಂಟರ ನಡುವೆ, ಇಲ್ಲವೇ ಸಂಜೆಯ ಅದೇ ಹೊತ್ತಿಗೆ. ಮಧ್ಯಾಹ್ನಕ್ಕೆ ಒಳ್ಳೆಯ ಇಳಿತ ಈ ಊರಿನಲ್ಲಿ ಸಿಗುವುದಿಲ್ಲ. ಬೇಗ ಏಳಲು ಆಗುವುದಿಲ್ಲ ಎನ್ನುವವರು ನೇಚರ್ ಪಾರ್ಕ್ ಒಂದನ್ನೇ ನೋಡಿಕೊಂಡು ಬರುವುದು ಮೇಲು.

ಹುಣ್ಣಿಮೆ ಅಥವಾ ಅಮಾವಾಸ್ಯೆಯಿಂದ ತದಿಗೆಯ ತನಕದ ದಿನಗಳನ್ನು ಗುರುತು ಹಾಕಿ, ಅವುಗಳಲ್ಲಿ ನಿಮ್ಮ ರಜೆ ಯಾವುದಕ್ಕೆ ಹೊಂದುತ್ತದೆ ನೋಡಿ. ನವೆಂಬರ್‌ನಿಂದ ಮಾರ್ಚ್ ತನಕ ಹವೆ ಹಿತ. ಜೂನ್‌ನಿಂದ ಸೆಪ್ಟೆಂಬರ್ ತನಕ ದಡಕ್ಕೆ ಇಳಿಯುವ ಮಾತೇ ಬೇಡ.

ಹಂತ 3: ಟೈಡ್ ಟೇಬಲ್ ಓದುವುದು

ದಿನ ಸಿಕ್ಕಿದ ಮೇಲೆ ಮೊಬೈಲಿನಲ್ಲಿ ಟೈಡ್ ಟೇಬಲ್, ಅಂದರೆ ಉಬ್ಬರ-ಇಳಿತದ ವೇಳಾಪಟ್ಟಿ, ತೆರೆಯಿರಿ. ಸ್ಥಳ ಕೇಳಿದರೆ ಮುಂಬೈ, ಅಪೋಲೋ ಬಂದರ್ ಎಂದಿರುವುದನ್ನು ಆರಿಸಿ. ಪ್ರತಿ ದಿನಕ್ಕೆ ಸಾಮಾನ್ಯವಾಗಿ ನಾಲ್ಕು ಸಾಲು ಇರುತ್ತವೆ: ಹೊತ್ತು, ಪಕ್ಕದಲ್ಲಿ ನೀರಿನ ಎತ್ತರ.

ನೋಡಬೇಕಾದದ್ದು ಎತ್ತರವನ್ನು. ಇಳಿತ 0.5 ಮೀಟರ್‌ಗಿಂತ ಕೆಳಗಿದ್ದರೆ ಕಣ್ಣುಮುಚ್ಚಿ ಹೊರಡಿ. 0.5ರಿಂದ 1 ಮೀಟರ್ ಇದ್ದರೆ ನಡೆಯುತ್ತದೆ, ಮರಳಿನ ದಡವಾದರೆ ಇನ್ನೂ ವಾಸಿ. 1.5 ಮೀಟರ್ ಎಂದಿದ್ದರೆ ಮನೆಯಲ್ಲೇ ಇರಿ. ಕೆಲವು ಆ್ಯಪ್‌ಗಳು ಅಡಿಯಲ್ಲಿ ತೋರಿಸುತ್ತವೆ, ಸೆಟ್ಟಿಂಗ್‌ನಲ್ಲಿ ಮೀಟರ್‌ಗೆ ಬದಲಿಸಿಕೊಳ್ಳಿ. ಸಂಜೆಯ ಇಳಿತವನ್ನು ಬೆಳಗಿನದೆಂದು ಓದುವವರೂ ಇದ್ದಾರೆ. ಮನೆಯಲ್ಲಿ ಇನ್ನೊಬ್ಬರಿಗೆ ತೋರಿಸಿ ಖಚಿತ ಮಾಡಿಕೊಳ್ಳುವುದರಿಂದ ನಷ್ಟವೇನಿಲ್ಲ.

ಸಂಜೆಗಿಂತ ಬೆಳಗಿನ ಇಳಿತಕ್ಕೆ ನನ್ನ ಮತ. ಸಂಜೆ ಕತ್ತಲು ಕವಿಯುವುದೂ ನೀರು ಏರುವುದೂ ಒಟ್ಟಿಗೇ ಆಗುತ್ತವೆ. ಹೊಸಬರಿಗೆ ಅದು ಕೆಟ್ಟ ಜೋಡಿ.

ಹಂತ 4: ಜಾಗ ಆರಿಸುವುದು

ಮೊದಲ ಸಲ ಹೋಗುವವರಿಗೆ ಗಿರ್‌ಗಾಂವ್ ಚೌಪಾಟಿ ಅಥವಾ ಜುಹು. ಎರಡೂ ಮರಳು, ಕಾಲು ಜಾರುವ ಭಯ ಕಡಿಮೆ. ಗಿರ್‌ಗಾಂವ್‌ಗೆ ಚರ್ನಿ ರೋಡ್‌ನಲ್ಲಿ ಇಳಿಯಬೇಕು. ಜುಹುಗೆ ವಿಲೇಪಾರ್ಲೆ ಅಥವಾ ಅಂಧೇರಿಯಿಂದ ರಿಕ್ಷಾ.

ಎರಡನೆಯ ಸಲಕ್ಕೆ ಬಂಡೆ ದಡ. ಖಾರ್–ಬಾಂದ್ರಾದ ಕಾರ್ಟರ್ ರೋಡ್ ಒಂದು, ಹಾಜಿ ಅಲಿ ದರ್ಗಾದ ದಾರಿಯ ಅಕ್ಕಪಕ್ಕ ಇನ್ನೊಂದು. ದರ್ಗಾದ ಆ ದಾರಿ ಉಬ್ಬರದಲ್ಲಿ ಮುಳುಗಿಹೋಗುತ್ತದೆ, ಅದು ತಲೆಯಲ್ಲಿರಲಿ. ಬಂಡೆಯ ಕಡೆ ಹೋಗುವಾಗ ತಿಳಿದವರೊಬ್ಬರು ಜೊತೆಗಿರಬೇಕು. ಮರೀನ್ ಲೈಫ್ ಆಫ್ ಮುಂಬೈ ಎಂಬ ತಂಡ 2017ರಿಂದ ದಡದ ನಡಿಗೆಗಳನ್ನು ಏರ್ಪಡಿಸುತ್ತಿದೆ. ಹೆಸರು ನೋಂದಾಯಿಸಿಕೊಂಡು ಅವರೊಂದಿಗೆ ಹೋದರೆ ಮೊದಲ ಬಂಡೆ ನಡಿಗೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಸೀಟು ಬೇಗ ತುಂಬುತ್ತವೆ.

ಮರೀನ್ ಡ್ರೈವ್‌ನ ಉದ್ದಕ್ಕೂ ಹಾಕಿರುವ ಸಿಮೆಂಟಿನ ಟೆಟ್ರಾಪಾಡ್‌ಗಳ ಮೇಲೆ ಹತ್ತಬೇಡಿ. ಸಂದಿಯಲ್ಲಿ ಏಡಿ ಕಂಡರೂ ಸರಿ, ಮಗು ಅತ್ತರೂ ಸರಿ. ಅವುಗಳ ನಡುವೆ ಬಿದ್ದವರನ್ನು ಮೇಲೆತ್ತುವುದು ಅಗ್ನಿಶಾಮಕ ದಳಕ್ಕೂ ಕಷ್ಟದ ಕೆಲಸ. ಬ್ಯಾಂಡ್‌ಸ್ಟ್ಯಾಂಡ್‌ನ ಬಂಡೆಗಳೂ ಹೊಸಬರಿಗೆ ಬೇಡ. 2016ರ ಜನವರಿಯಲ್ಲಿ ಅಲ್ಲಿ ಜನ ನೀರುಪಾಲಾದ ಮೇಲೆಯೇ ಪೊಲೀಸರು ನಗರದ ಕೆಲವು ಕಡೆ ಸೆಲ್ಫಿ ಬೇಡವೆಂದು ಗುರುತು ಮಾಡಿದ್ದು.

ಹಂತ 5: ಚೀಲಕ್ಕೆ ಏನೇನು

ಮುಖ್ಯವಾದದ್ದು ಪಾದಪೂರ್ತಿ ಮುಚ್ಚುವ, ಅಡಿ ಸವೆಯದ ಹಳೆಯ ಶೂ. ಚಪ್ಪಲಿ, ಸ್ಯಾಂಡಲ್, ತೂತಿನ ರಬ್ಬರ್ ಕ್ರಾಕ್ಸ್ ಯಾವುದೂ ಆಗದು. ಬಂಡೆಗಳ ಮೇಲೆ ಬೆಳೆದ ಕಲ್ವದ (ಆಯ್‌ಸ್ಟರ್) ಚಿಪ್ಪಿನ ಅಂಚು ಬ್ಲೇಡಿನಷ್ಟು ಹರಿತ, ಬರಿಗೈ ಊರಿದರೂ ಕೊಯ್ಯುತ್ತದೆ. ಮರಳಿನಲ್ಲಾದರೆ ಒಡೆದ ಗಾಜು. ಗಣಪತಿ ವಿಸರ್ಜನೆಯ ನಂತರದ ವಾರಗಳಲ್ಲಿ ಮೊಳೆ, ತಂತಿ, ಪ್ಲಾಸ್ಟರಿನ ಚೂರು ಸಹ ಇರುತ್ತವೆ.

ಕಾಲು ಮುಚ್ಚುವ ಪ್ಯಾಂಟ್, ಟೋಪಿ, ಟಾರ್ಚ್, ಮೊಬೈಲಿಗೆ ಪ್ಲಾಸ್ಟಿಕ್ ಕವರ್. ಕುಡಿಯುವ ನೀರು ಬೇರೆ, ಕೈಕಾಲು ತೊಳೆಯುವ ನೀರು ಬೇರೆ. ಸೋಪು, ಟವೆಲ್, ಇನ್ನೊಂದು ಜೊತೆ ಕಾಲುಚೀಲ, ಡೆಟಾಲ್, ಬ್ಯಾಂಡೇಜ್. ಥರ್ಮಾಸ್ ಫ್ಲಾಸ್ಕಿನಲ್ಲಿ ಬಿಸಿನೀರು ತಪ್ಪದೇ ಇರಲಿ. ಅದು ಚಹಾಕ್ಕೆ ಅಲ್ಲ, ಯಾಕೆಂದು ಎಂಟನೇ ಹಂತದಲ್ಲಿ ಹೇಳುತ್ತೇನೆ. ಭೂತಗನ್ನಡಿ ಇದ್ದರೆ ಮಕ್ಕಳಿಗೆ ಖುಷಿ.

ಬಲೆ, ಬಕೆಟ್, ಬಾಟಲಿ, ಕೋಲು ಯಾವುದೂ ಬೇಡ. ಮಕ್ಕಳ ಕೈಯಲ್ಲಿ ಬಕೆಟ್ ಇತ್ತೆಂದರೆ ಅದು ತುಂಬದೇ ಇರುವುದಿಲ್ಲ.

ಹಂತ 6: ಹೊರಡುವ ಹೊತ್ತು, ತಿರುಗುವ ಹೊತ್ತು

ಟೇಬಲ್‌ನಲ್ಲಿ ಇಳಿತ 7.30 ಎಂದಿದ್ದರೆ ಆರು ಗಂಟೆಗೇ ನೀವು ದಡದಲ್ಲಿರಬೇಕು. ನೀರು ಹಿಂದೆ ಸರಿಯುತ್ತಾ ಹೋದಂತೆ ಅದರ ಬೆನ್ನಹಿಂದೆ ನಿಧಾನಕ್ಕೆ ಹೋಗಿ. 7.30ಕ್ಕೆ ಎಷ್ಟು ದೂರ ಹೋಗಿರುತ್ತೀರೋ ಅದೇ ಕೊನೆ. ಅಲ್ಲಿಂದ ಮುಖ ದಡದ ಕಡೆಗೆ ತಿರುಗಬೇಕು. ದಾರಿಯಲ್ಲಿ ನೋಡುತ್ತಾ ಬನ್ನಿ, ಎಂಟು ಗಂಟೆಗೆ ಒಣ ಜಾಗದಲ್ಲಿರಿ.

ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. 7.30 ಎಂದರೆ 7.30ಕ್ಕೆ ಬರುತ್ತಾರೆ, ಫೋಟೋ ತೆಗೆಯುವಷ್ಟರಲ್ಲಿ ಎಂಟಾಗಿರುತ್ತದೆ, ನೀರು ಒಳಬರುವ ಹೊತ್ತಿಗೆ ಇವರು ಒಳಗೆ ಹೋಗುತ್ತಾರೆ. ಕಾಣುವುದು ಕಡಿಮೆ, ಅಪಾಯ ಹೆಚ್ಚು. ಮೊಬೈಲಿನಲ್ಲಿ ಎರಡು ಅಲಾರಂ ಇಡಿ: ಇಳಿತದ ಹೊತ್ತಿಗೊಂದು, ಅದಾಗಿ ಅರ್ಧ ಗಂಟೆಗೆ ಇನ್ನೊಂದು.

ಡೊಂಬಿವಲಿ, ವಿರಾರ್ ಕಡೆಯವರು ಬೆಳಗಿನ ಜಾವದ ಲೋಕಲ್ ಹಿಡಿಯಲೇಬೇಕು. ಭಾನುವಾರವಾದರೆ ಹಿಂದಿನ ದಿನವೇ ಮೆಗಾ ಬ್ಲಾಕ್ (ದುರಸ್ತಿಗೆಂದು ರೈಲು ನಿಲ್ಲಿಸುವುದು) ಯಾವ ಲೈನಿನಲ್ಲಿ ಎಂದು ನೋಡಿಕೊಳ್ಳಿ. ಹೋಗುವಾಗ ತೊಂದರೆಯಾಗುವುದು ಕಡಿಮೆ, ಸಿಕ್ಕಿಹಾಕಿಕೊಳ್ಳುವುದು ಹಿಂತಿರುಗುವಾಗ.

ದಡದಲ್ಲಿ ಕೋಳಿ ಎಂಬ ಮೀನುಗಾರ ಸಮುದಾಯದ ಹೆಂಗಸರೋ ಮೀನುಗಾರರೋ ಕಂಡರೆ, ಮರಾಠಿಯಲ್ಲಿ ‘ಮಾವಶೀ, ಓಹೋಟಿ ಕಿತೀ ವಾಜತಾ?’ (ಇಳಿತ ಎಷ್ಟು ಗಂಟೆಗೆ?) ಎಂದು ಕೇಳಿ. ಅವರ ಉತ್ತರಕ್ಕೂ ನಿಮ್ಮ ಟೇಬಲ್‌ಗೂ ಒಂದು ಗಂಟೆಗಿಂತ ಹೆಚ್ಚು ವ್ಯತ್ಯಾಸ ಬಂದರೆ ನೀವು ತಪ್ಪು ದಿನದ ಸಾಲು ಓದಿದ್ದೀರಿ.

ಹಂತ 7: ನೋಡುವ ಕ್ರಮ

ಓಡಾಡಬೇಡಿ. ಒಂದು ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಐದು ನಿಮಿಷ ಸುಮ್ಮನಿರಿ. ನಿಮ್ಮ ನೆರಳು ನೀರಿನ ಮೇಲೆ ಬೀಳದಂತೆ ಕೂರಬೇಕು. ನೆರಳು ಬಿದ್ದರೆ ಸೀಗಡಿ, ಸಣ್ಣ ಮೀನುಗಳೆಲ್ಲ ಕಲ್ಲಡಿಗೆ ಸೇರುತ್ತವೆ. ಮೊದಲೆರಡು ನಿಮಿಷ ಏನೂ ಕಾಣದು. ಮೂರನೆಯ ನಿಮಿಷಕ್ಕೆ, ಖಾಲಿ ಶಂಖವೆಂದು ನೀವು ಬಗೆದದ್ದು ನಡೆಯತೊಡಗುತ್ತದೆ. ಅದರೊಳಗೆ ಸನ್ಯಾಸಿ ಏಡಿ ಇರುತ್ತದೆ.

ಮರಳಿನ ದಡದಲ್ಲಿ ಮೊದಲು ಕಾಣುವುದು ಸಣ್ಣ ಸಣ್ಣ ಮರಳಿನ ಉಂಡೆಗಳು. ತೂತಿನ ಸುತ್ತ ಸಾಲು ಸಾಲಾಗಿ ಹರಡಿರುತ್ತವೆ. ಸ್ಯಾಂಡ್ ಬಬ್ಲರ್ ಎಂಬ ಬೆರಳುಗುರಿನಷ್ಟು ಏಡಿ ಮರಳನ್ನು ಬಾಯಿಗೆ ಹಾಕಿ, ಅದರಲ್ಲಿರುವ ಆಹಾರ ಹೀರಿಕೊಂಡು, ಉಳಿದದ್ದನ್ನು ಉಂಡೆ ಕಟ್ಟಿ ಬಿಸಾಡುತ್ತದೆ. ದೂರದಲ್ಲೇ ನಿಂತರೆ ಏಡಿ ಹೊರಬರುತ್ತದೆ. ಒಂದು ಹೆಜ್ಜೆ ಇಟ್ಟರೂ ಸಾಕು, ಒಳಗೆ ಓಡುತ್ತದೆ.

ಇನ್ನೊಂದು ವಸ್ತು ಎಲ್ಲರ ಕಾಲಿಗೂ ಸಿಗುತ್ತದೆ, ಕಸವೆಂದು ಒದ್ದುಬಿಡುತ್ತಾರೆ: ಅಂಗಿಯ ಕಾಲರ್ ಬಿಚ್ಚಿಟ್ಟಂತೆ ಅರ್ಧ ಸುತ್ತು ಬಾಗಿದ, ಬೂದು ಬಣ್ಣದ ಪಟ್ಟಿ. ಬೆಳಕಿಗೆ ಸರಿಯಾಗಿ ಬಗ್ಗಿ ನೋಡಿದರೆ ಮರಳಿನ ಕಣಗಳ ನಡುವೆ ಚುಕ್ಕಿ ಚುಕ್ಕಿ ಕಾಣಿಸುತ್ತದೆ. ಅದು ಮೂನ್ ಸ್ನೇಲ್ ಎಂಬ ಕಡಲ ಬಸವನಹುಳು ಮರಳು, ಲೋಳೆ ಸೇರಿಸಿ ಅಂಟಿಸಿದ ಮೊಟ್ಟೆಗಳ ಪಟ್ಟಿ. ಎತ್ತಿದರೆ ಮುರಿಯುತ್ತದೆ. ಇದ್ದಲ್ಲೇ ಬಿಡಿ.

ಬಂಡೆಗಳ ಮೇಲೆ ಹಸಿರು, ಕಂದು ಬಣ್ಣದ ಗುಂಡು ಬಿಲ್ಲೆಗಳು ಒತ್ತೊತ್ತಾಗಿ ಹಬ್ಬಿರುತ್ತವೆ. ಪಾಚಿಯೆಂದು ಅದರ ಮೇಲೆ ಕಾಲಿಟ್ಟು ನಡೆಯುವವರೇ ಹೆಚ್ಚು. ಅವು ಜೊವಾಂಥಿಡ್ ಎಂಬ ಪ್ರಾಣಿಗಳು, ಹವಳದ ದೂರದ ಬಂಧುಗಳು. ಕೆಲವು ಜಾತಿಗಳಲ್ಲಿ ಬಲವಾದ ವಿಷವೂ ಇದೆ. ಮುಟ್ಟಿದ ಕೈಯಿಂದ ಕಣ್ಣುಜ್ಜಿಕೊಳ್ಳುವ ಮಕ್ಕಳ ಮೇಲೆ ಕಣ್ಣಿಡಿ. ಕಾಲಿಡಬೇಕಾದದ್ದು ಬರಿಯ ಕಲ್ಲಿನ ಮೇಲೆ, ಇಲ್ಲವೇ ಮರಳಿನ ಮೇಲೆ.

ಕಲ್ಲು ಮಗುಚಬೇಡಿ. ಮಗುಚಿದ್ದೇ ಆದರೆ ಇದ್ದ ಹಾಗೇ ಇಡಿ. ಅಡಿಭಾಗದಲ್ಲಿ ಬದುಕುವ ಜೀವಿಗಳು ಬಿಸಿಲಿಗೆ ಬಿದ್ದರೆ ಒಣಗಿ ಸಾಯುತ್ತವೆ. ಹವಳ, ಕಡಲಕುದುರೆ, ಕೆಲವು ಜಾತಿಯ ಶಂಖ-ಚಿಪ್ಪು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ. ಸತ್ತ ಹವಳದ ತುಂಡನ್ನು ಶೋಕೇಸಿಗೆಂದು ಮನೆಗೆ ತಂದರೂ ಅದು ಅಪರಾಧವೇ. ಉಳಿದ ಖಾಲಿ ಚಿಪ್ಪುಗಳನ್ನೂ ಬಿಟ್ಟು ಬನ್ನಿ, ಅವುಗಳಿಗಾಗಿ ಕಾಯುವ ಸನ್ಯಾಸಿ ಏಡಿಗಳು ಬೇಕಾದಷ್ಟಿವೆ.

ಹಂತ 8: ಎಚ್ಚರಿಕೆಯ ಗುರುತುಗಳು, ಪ್ರಥಮ ಚಿಕಿತ್ಸೆ

ನೀರು ಯಾವಾಗಲೂ ಎದುರಿನಿಂದಲೇ ಬರುವುದಿಲ್ಲ. ಬಂಡೆ ದಡದಲ್ಲಿ ಮೊದಲು ತುಂಬುವುದು ನಿಮ್ಮ ಬೆನ್ನಹಿಂದಿನ ತಗ್ಗು. ಬರುವಾಗ ಒಣಗಿದ್ದ ಕಾಲುವೆಯಲ್ಲಿ ತೆಳುವಾಗಿ ನೀರು ಹರಿಯುತ್ತಿದೆಯೇ, ನಿಂತಿದ್ದ ಗುಂಡಿಯ ನೀರು ಅಲುಗಾಡುತ್ತಿದೆಯೇ, ನೊರೆ ದಡದ ಕಡೆಗೆ ಸಾಗುತ್ತಿದೆಯೇ ನೋಡುತ್ತಿರಿ. ಒಂದು ಕಂಡರೂ ಗಡಿಯಾರ ನೋಡದೆ ಹೊರಡಿ. ಜೀವರಕ್ಷಕರ ಸೀಟಿ ಕೇಳಿದರೆ ವಾದ ಬೇಡ.

ನೀರಿಗೆ ಡೀಸೆಲ್ ವಾಸನೆ ಇದ್ದರೆ, ದಡದಲ್ಲಿ ಕಪ್ಪು ಡಾಂಬರಿನ ಉಂಡೆಗಳು ಬಿದ್ದಿದ್ದರೆ ಅಂದಿನ ನಡಿಗೆ ಕೈಬಿಡಿ. ನಾಲೆ ಬಂದು ಸೇರುವ ಕಡೆಗೂ ಹೋಗಬೇಡಿ. ಕಾಲಿನಲ್ಲಿ ಆರದ ಗಾಯ ಇರುವವರು ಮೇಲೆಯೇ ಕೂರಲಿ.

ಕಣಕಾಲ ಮಟ್ಟದ ನೀರಿನಲ್ಲಿ ನಡೆಯುವಾಗ ಪಾದ ಎತ್ತಿ ಇಡದೆ, ಎಳೆದು ಎಳೆದು ನಡೆಯಿರಿ. ಮರಳಲ್ಲಿ ಹುದುಗಿರುವ ತೊರಕೆ ಮೀನು (ಸ್ಟಿಂಗ್‌ರೇ) ಸದ್ದಿಗೆ ಸರಿದುಹೋಗುತ್ತದೆ, ತುಳಿದರೆ ಬಾಲದ ಮುಳ್ಳು ಚುಚ್ಚುತ್ತದೆ. 2013ರ ಗಣಪತಿ ವಿಸರ್ಜನೆಯಲ್ಲಿ ಗಿರ್‌ಗಾಂವ್ ಚೌಪಾಟಿಯಲ್ಲೇ ಹತ್ತಾರು ಜನರಿಗೆ ಹೀಗಾಗಿತ್ತು. ಚುಚ್ಚಿದರೆ ತಾಳಿಕೊಳ್ಳುವಷ್ಟು ಬಿಸಿಯಾದ ನೀರಿನಲ್ಲಿ ಆ ಭಾಗವನ್ನು ಮುಳುಗಿಸಿಡಿ. ನೋವು ತಗ್ಗುತ್ತದೆ. ಬಿಸಿ ಎಷ್ಟೆಂದು ಬೇರೆಯವರು ಕೈಯಿಟ್ಟು ನೋಡಲಿ, ನೋವಿನಲ್ಲಿರುವವರಿಗೆ ತಿಳಿಯುವುದಿಲ್ಲ. ಫ್ಲಾಸ್ಕ್ ಇದಕ್ಕೇ. ಅದು ಮುಗಿದರೆ ಹತ್ತಿರದ ಚಹಾ ಅಂಗಡಿಯಲ್ಲಿ ಕೇಳಿ. ಮುಳ್ಳು ಆಳಕ್ಕೆ ಹೋಗಿದ್ದರೆ ಕೀಳಬೇಡಿ, ನೇರ ಆಸ್ಪತ್ರೆಗೆ ಹೋಗಿ. ಧನುರ್ವಾಯು ಚುಚ್ಚುಮದ್ದು ಬೇಕಾಗುತ್ತದೆ.

ನೀಲಿ ಗಾಳಿಚೀಲದ ಬ್ಲೂ ಬಾಟಲ್ ಎಂಬ ಲೋಳೆಮೀನಿನಂಥ ಜೀವಿ ಮಳೆಗಾಲದಲ್ಲಿ ಜುಹು, ಅಕ್ಸಾ ಕಡೆ ದಡಕ್ಕೆ ಬೀಳುತ್ತದೆ. ಸತ್ತು ಬಿದ್ದದ್ದೂ ಕುಟುಕುತ್ತದೆ. ತಾಗಿದರೆ ಮರಳು ಹಾಕಿ ಉಜ್ಜಬೇಡಿ, ಸಿಹಿನೀರು ಸುರಿಯಬೇಡಿ. ಎಳೆಗಳನ್ನು ಕಡ್ಡಿಯಿಂದ ತೆಗೆದು, ಕಡಲ ನೀರಿನಲ್ಲೇ ತೊಳೆದು, ಆಮೇಲೆ ಬಿಸಿನೀರು. ಉಸಿರಾಟಕ್ಕೆ ತೊಂದರೆಯಾದರೆ 108ಕ್ಕೆ ಫೋನ್ ಮಾಡಿ. ಶಂಕುವಿನ ಆಕಾರದ, ಚಿತ್ತಾರದ ಕೋನ್ ಶೆಲ್ ಎಷ್ಟೇ ಚೆಂದ ಕಂಡರೂ ಕೈಗೆತ್ತಿಕೊಳ್ಳುವುದು ಬೇಡ, ಒಳಗಿನ ಹುಳು ವಿಷದ ಮುಳ್ಳು ಹಾರಿಸುತ್ತದೆ.

ಹಂತ 9: ಅಲ್ಲಿಂದ ನೇಚರ್ ಪಾರ್ಕ್‌ಗೆ

ದಡ ಬಿಟ್ಟ ಕೂಡಲೇ ಸೋಪಿನಲ್ಲಿ ಕೈಕಾಲು ತೊಳೆದು ಕಾಲುಚೀಲ ಬದಲಿಸಿ. ತಿಂಡಿಗೆ ಮಾಟುಂಗಾ ನಮ್ಮವರ ಅಡ್ಡಾ. ಉಡುಪಿ ಹೋಟೆಲುಗಳ ಮುಂದೆ ಭಾನುವಾರ ಒಂಬತ್ತರ ನಂತರ ಸಾಲು ಬೆಳೆಯುತ್ತದೆ, ಅಷ್ಟರೊಳಗೆ ತಲುಪಿ. ಅಲ್ಲಿಂದ ಧಾರಾವಿ ಬಸ್ ಡಿಪೋ ಎದುರಿನ ನೇಚರ್ ಪಾರ್ಕ್ ಟ್ಯಾಕ್ಸಿಗೆ ಸ್ವಲ್ಪವೇ ದೂರ.

ಹಿಂದೆ ನಗರದ ಕಸ ಸುರಿಯುತ್ತಿದ್ದ 37 ಎಕರೆಯಲ್ಲಿ ಬೆಳೆಸಿದ ಕಾಡು ಇದು, 1994ರಲ್ಲಿ ಜನರಿಗೆ ತೆರೆಯಿತು. ಹಿಂಬದಿಗೆ ಮೀಠಿ ನದಿಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು. ಬೆಳಿಗ್ಗೆ ಬಂಡೆಯ ಮೇಲೆ ಕಂಡ ಇಳಿತವೇ ಇಲ್ಲಿ ಕೆಸರಿನಲ್ಲಿ ನಡೆಯುತ್ತದೆ ಎಂದು ಮಕ್ಕಳಿಗೆ ತೋರಿಸಲು ಒಳ್ಳೆಯ ಜಾಗ. ಹತ್ತು ಗಂಟೆಯ ಮೇಲೆ ಹಕ್ಕಿಗಳ ಸದ್ದಿಲ್ಲ, ಚಿಟ್ಟೆಗಳು ಮಾತ್ರ ಹೇರಳ. ಸೊಳ್ಳೆಗೆ ಹಚ್ಚುವ ಮುಲಾಮು ಬೇಕೇ ಬೇಕು. ಸಂಜೆಗೆಂದು ಇಟ್ಟುಕೊಳ್ಳಬೇಡಿ; ಪ್ರವೇಶದ ಹೊತ್ತನ್ನು ಫೋನ್ ಮಾಡಿ ಕೇಳಿಕೊಂಡೇ ಹೋಗಿ.

ಹಂತ 10: ಐರೋಲಿ, ಇನ್ನೊಂದು ದಿನಕ್ಕೆ

ಐರೋಲಿ ಕೇಂದ್ರ ಅರಣ್ಯ ಇಲಾಖೆಯದು. ಠಾಣೆಯಿಂದ ಟ್ರಾನ್ಸ್ ಹಾರ್ಬರ್ ಲೋಕಲ್ ಹಿಡಿದು ಐರೋಲಿಯಲ್ಲಿ ಇಳಿದರೆ ರಿಕ್ಷಾ ಸಿಗುತ್ತದೆ. ಠಾಣೆ ಖಾರಿಯ (ಕ್ರೀಕ್) ಫ್ಲೆಮಿಂಗೊ ಅಭಯಾರಣ್ಯ 2015ರಲ್ಲಿ ಘೋಷಣೆಯಾಯಿತು, 2022ರಲ್ಲಿ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್‌ಸಾರ್ ಪಟ್ಟಿಗೆ ಸೇರಿತು. ಹಕ್ಕಿಗಳು ನವೆಂಬರ್ ಸುಮಾರಿಗೆ ಬರತೊಡಗುತ್ತವೆ, ಮೇ ತನಕ ಇರುತ್ತವೆ. ಡಿಸೆಂಬರ್ ಮೊದಲ ವಾರದಲ್ಲೇ ಹೋಗಿ ಕಡಿಮೆ ಕಂಡವು ಎಂದು ಗೊಣಗುವವರಿದ್ದಾರೆ. ಫೆಬ್ರವರಿ, ಮಾರ್ಚ್‌ಗೆ ಕಾಯಿರಿ.

ಇಲ್ಲಿ ನೀರಿನ ಲೆಕ್ಕ ಬೇರೆ. ದಡದ ನಡಿಗೆಗೆ ನೀರು ಪೂರ್ತಿ ಇಳಿಯಬೇಕು. ದೋಣಿಗೆ ತೇಲುವಷ್ಟು ನೀರು ಬೇಕು, ಆದರೆ ಹಕ್ಕಿ ಮೇಯುವ ಕೆಸರು ಇನ್ನೂ ಮುಳುಗಿರಬಾರದು. ಪೂರ್ತಿ ಉಬ್ಬರ ಬಂದರೆ ಫ್ಲೆಮಿಂಗೊಗಳು ಬೇರೆ ಜೌಗು ಹುಡುಕಿ ಹಾರುತ್ತವೆ. ಆದ್ದರಿಂದ ದೋಣಿಯ ಹೊತ್ತು ದಿನದಿನಕ್ಕೂ ಬದಲಾಗುತ್ತದೆ. ಅಪೋಲೋ ಬಂದರಿನ ಟೇಬಲ್ ಇಟ್ಟುಕೊಂಡು ನೀವೇ ಲೆಕ್ಕ ಹಾಕಬೇಡಿ, ಖಾರಿಯ ಒಳಗೆ ನೀರು ತಡವಾಗಿ ತಲುಪುತ್ತದೆ. ಕೇಂದ್ರದವರು ಕೊಟ್ಟ ಹೊತ್ತೇ ಅಂತಿಮ.

ಬುಕಿಂಗ್ ಮಾಡುವಾಗ ಹೊತ್ತು ಕೇಳಿ, ‘ಆವತ್ತು ಕೆಸರು ಕಾಣುತ್ತದೆಯೇ?’ ಎಂದೂ ಕೇಳಿ. ಇಲ್ಲ ಎಂದರೆ ದಿನ ಬದಲಿಸಿ. ಅರ್ಧ ಗಂಟೆ ಮುಂಚೆ ತಲುಪಿ, ದುರ್ಬೀನು ಒಯ್ಯಿರಿ, ಲೈಫ್ ಜಾಕೆಟ್ ಬಿಗಿಯಾಗಿ ಕಟ್ಟಿಕೊಳ್ಳಿ. ಹಕ್ಕಿ ಹಾರಿಸಿ ಫೋಟೋ ತೆಗೆಯಲೆಂದು ದೋಣಿಯವರಿಗೆ ಹತ್ತಿರ ಹೋಗಿ ಎನ್ನಬೇಡಿ. ತಡವಾಗಿ ಬಂದರೆ ದೋಣಿ ಕಾಯುವುದಿಲ್ಲ, ನೀರು ಇರುವ ಹೊತ್ತಿಗೆ ಅದು ಹೊರಡಲೇಬೇಕು.